ಹದಿನೆಂಟು ಮೈಲಿ

ನಮೀಬಿಯಾ ದೇಶದ ನಟ್ಟನಡುವೆ ನಮ್ಮ ಗಾಡಿ ಡೀಸೆಲ್ ಇಲ್ಲದೆ ನಿಂತದ್ದು ನನ್ನಿಂದ. ನನ್ನ ಮೊಮ್ಮಗಳು ಇಂಚರಳಿಂದ ಅಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಸವಿತಾ ಅವತ್ತು ಸಂಜೆ ಸುಮ್ಮನೆ ಕೂರಲಾರದೆ, 'ನಮ್ಮ ಮ್ಯಾಪ್ ಮೇಡಂ ಕೃಪೆಯಿಂದ ಮರುಭೂಮಿಯಲ್ಲಿ ವಾಸ' ಎಂದು ಫೋನಿನಲ್ಲಿ ಬರೆದು, ಫೋಟೊ ಸೇರಿಸಿ, ಸ್ವೀಡನ್ನಿನಲ್ಲಿ ನಾವಿರುವ ಊರು ವೆಸ್ಟೆರಾಸಿನ ಕನ್ನಡದವರ ಗುಂಪಿಗೆ ಕಳಿಸಿದಳು. ಆಗ ಸಿಗ್ನಲ್ ಇರಲಿಲ್ಲ. ಮಾರನೆಯ ದಿನ ಸಿಗ್ನಲ್ ಸಿಕ್ಕಾಗ ಅದು ತಾನಾಗಿಯೇ ಹೊರಟುಹೋಯಿತಂತೆ. ತಡೆಯಬೇಕು ಎಂದು ಯಾರಿಗೂ ನೆನಪಾಗಲಿಲ್ಲ. ಈಗ ಹಬ್ಬಕ್ಕೆ, ನಾಮಕರಣಕ್ಕೆ ಎಲ್ಲಿ ಹೋದರೂ ಜನ ಆ ಹುಡುಗಿಯನ್ನು ಹಿಡಿದು 'ಏನಮ್ಮ, ಮನೆಗೆ ದಾರಿ ಗೊತ್ತಾ?' ಎಂದು ಕೇಳಿ ನಗುತ್ತಾರೆ. ಅವಳು ತಾನೂ ನಗುತ್ತಾಳೆ. ನನಗೆ ಸಾಕಾಗಿದೆ. ಇಲ್ಲಿಯವರೂ ಓದಲಿ, ಊರಿನವರೂ ಓದಲಿ ಎಂದು ಬರೆಯುತ್ತಿದ್ದೇನೆ.

ವೆಸ್ಟೆರಾಸ್

ಅಳಿಯ ಗಿರೀಶ ಇಲ್ಲಿ ಕರೆಂಟಿನ ದೊಡ್ಡ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಇಂಜಿನಿಯರು. ಎದುರಿಗೆ ಮಾತಾಡುವಾಗ ಅವನಿಗೆ 'ನೀವು' ಎನ್ನುತ್ತೇನೆ. ಬರೆಯುವಾಗಲೂ ಅಷ್ಟು ಮರ್ಯಾದೆ ಕೊಡುತ್ತಾ ಕೂತರೆ ಕಥೆ ಮುಗಿಯುವುದಿಲ್ಲ. ನಾನು ಬಂದು ಅವರ ಜೊತೆ ಇರತೊಡಗಿ ಆರು ವರ್ಷವಾಯಿತು.

ಫೆಬ್ರುವರಿಯಲ್ಲಿ ಸ್ವೀಡನ್ನಿನ ಶಾಲೆಗಳಿಗೆ ಒಂದು ವಾರ ರಜ. ಮಕ್ಕಳು ಹಿಮದ ಮೇಲೆ ಜಾರಿ ಆಡಲಿ ಎಂದು ಕೊಡುವ ರಜ. ಗಿರೀಶನಿಗೆ ಆಫೀಸಿನವನೊಬ್ಬ ನಮೀಬಿಯಾದ ಫೋಟೊ ತೋರಿಸಿದನಂತೆ. ಕೆಂಪು ಮರಳು, ನೀಲಿ ಆಕಾಶ, ನಡುವೆ ಒಂದು ಒಣಮರ. ಬಿಸಿಲು ನೋಡಿ ನಾಲ್ಕು ತಿಂಗಳಾಯಿತು, ಅಲ್ಲಿಗೇ ಹೋಗೋಣ ಎಂದ. ಬಿಸಿಲು ಬೇಕಾದರೆ ಚಳ್ಳಕೆರೆಗೆ ಹೋಗಬಹುದಿತ್ತು. ನಾನು ಹುಟ್ಟಿ ಬೆಳೆದ ಊರು. ಅಲ್ಲಿ ಬಿಸಿಲಿಗೂ ಕೊರತೆಯಿಲ್ಲ, ಒಣಮರಕ್ಕೂ ಕೊರತೆಯಿಲ್ಲ. ಒಬ್ಬರೂ ಫೋಟೊ ತೆಗೆಯುವುದಿಲ್ಲ ಅಷ್ಟೆ. ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಪ್ರವಾಸಕ್ಕೆ ಇನ್ನೊಂದು ಗಂಟು ಬಿದ್ದಿತ್ತು. ಇಂಚರಳಿಗೆ ಇದು ಶಾಲೆಯ ಕೊನೆಯ ವರ್ಷ. ಮುಂದೆ ಲುಲೆಯೊದ ವಿಶ್ವವಿದ್ಯಾಲಯದಲ್ಲೇ ಓದಬೇಕೆಂದು ಅವಳ ಹಟ. ಲುಲೆಯೊ ಎಂದರೆ ಇಲ್ಲಿಂದ ಉತ್ತರಕ್ಕೆ, ಹತ್ತಿದ ರೈಲಿನಲ್ಲೇ ಮಲಗಿ ಏಳಬೇಕು, ಅಷ್ಟು ದೂರ. ಮನೆಯಿಂದಲೇ ಓಡಾಡಿಕೊಂಡು ಇಲ್ಲೇ ಓದಲಿ ಎಂದು ಅಪ್ಪನ ಹಟ. ಅರ್ಜಿ ಹಾಕಲು ಏಪ್ರಿಲ್‌ವರೆಗೆ ಸಮಯವಿತ್ತು. ಮನೆಯಲ್ಲಿ ದಿನಾ ಊಟದ ಹೊತ್ತಿಗೆ ಇದೇ ಜಗಳ. ಕೊನೆಗೆ ಗಿರೀಶ ಒಂದು ಷರತ್ತು ಹಾಕಿದ.

"ಟ್ರಿಪ್ ಪೂರ್ತಿ ರೂಟ್ ನಿಂದು. ಎಲ್ಲಿ ಡೀಸೆಲ್, ಎಲ್ಲಿ ನೀರು, ಎಷ್ಟು ದೂರ, ಎಲ್ಲಾ ನೀನೇ ನೋಡ್ಕೋಬೇಕು. ಒಂದು ತಪ್ಪಿಲ್ದೆ ನಮ್ಮನ್ನ ವಾಪಸ್ ಕರ್ಕೊಂಡ್ ಬಾ. ಲುಲೆಯೊದಲ್ಲಿ ನಾನೇ ಬಂದು ರೂಮ್ ಹುಡುಕ್ಕೊಡ್ತೀನಿ."

"ಒಂದು ತಪ್ಪಾದ್ರೆ?"

"ಇಲ್ಲೇ ಓದ್ತೀಯ. ಮಾತಿಲ್ಲ."

ಡೀಲ್, ಎಂದಳು ಅವಳು. ಅಪ್ಪನ ಕೈ ಕುಲುಕಿದಳು.

ಅವಳು ಹೋಗುವುದು ನನಗೂ ಬೇಡವಾಗಿತ್ತು. ಪ್ರೀತಿ ಗೀತಿ ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಸ್ವೀಡಿಷ್ ಬಾರದು. ಮಂಡಿನೋವಿಗೆ ಡಾಕ್ಟರ ಬಳಿ, ಕನ್ನಡಕದ ಅಂಗಡಿಗೆ, ಬಸ್ಸಿನಲ್ಲಿ ಯಾರಾದರೂ ಏನಾದರೂ ಕೇಳಿದರೆ, ಎಲ್ಲಕ್ಕೂ ಅವಳೇ ನನ್ನ ಬಾಯಿ. ಮಗಳು ಅಳಿಯ ಕೆಲಸಕ್ಕೆ ಹೋಗುವವರು. ಆ ಬಾಯಿ ಲುಲೆಯೊಗೆ ಹೋದರೆ ನಾನು ಕಿಟಕಿ ನೋಡುತ್ತಾ ಕೂರಬೇಕು. ಬದಲಿಗೆ ನಾನು ಅವಳಿಗೆ ಕೊಟ್ಟದ್ದು ಕನ್ನಡ. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಬೇಕು, ಇದು ನನ್ನ ಕಟ್ಟುನಿಟ್ಟು. ತಪ್ಪಿದರೆ ತಿದ್ದುತ್ತೇನೆ. ಇಪ್ಪತ್ತು ಸಲ ತಪ್ಪಿದರೆ ಇಪ್ಪತ್ತು ಸಲ ತಿದ್ದುತ್ತೇನೆ.

ವಿಂಡ್‌ಹುಕ್

ಅದು ಆ ದೇಶದ ರಾಜಧಾನಿ. ವಿಮಾನ ಇಳಿದು ಗಾಡಿ ಬಾಡಿಗೆಗೆ ತೆಗೆದುಕೊಂಡೆವು. ಹಿಂದೆ ಡಬ್ಬ ಕೂರಿಸಿದ ದೊಡ್ಡ ಪಿಕಪ್. ನೆತ್ತಿಯ ಮೇಲೆ ಎರಡು ಡೇರೆ ಮಡಚಿಟ್ಟಿದ್ದರು. ಸಂಜೆಯಾದರೆ ಅವನ್ನು ಬಿಚ್ಚಿ, ಏಣಿ ಹತ್ತಿ, ಮೇಲೆ ಮಲಗಬೇಕು. ಮಂಡಿ ಬಗ್ಗದವರು ಏನು ಮಾಡಬೇಕು ಎಂದು ಇಂಚರಳ ಕೈಯಲ್ಲಿ ಕೇಳಿಸಿದೆ. ಗಾಡಿ ಕೊಟ್ಟವನು ಬಹಳ ಮರ್ಯಾದೆಯಿಂದ ನಕ್ಕ. ಅಷ್ಟೂ ದಿನ ನಾನು ಹಿಂದಿನ ಸೀಟಿನಲ್ಲಿ, ಗಂಟುಮೂಟೆಯ ಹಾಗೆ ಮಲಗಿದೆ.

ಅಲ್ಲಿ ನಮ್ಮ ದೇಶದಂತೆಯೇ ಎಡಗಡೆ ಓಡಿಸುತ್ತಾರೆ. ಗಿರೀಶ ಹದಿನಾಲ್ಕು ವರ್ಷ ಸ್ವೀಡನ್ನಿನಲ್ಲಿ ಬಲಗಡೆ ಓಡಿಸಿದವನು. ತಿರುವು ಬಂದಾಗಲೆಲ್ಲ ಇಂಡಿಕೇಟರ್ ಹಾಕುತ್ತೇನೆಂದು ವೈಪರ್ ಹಾಕಿದ. ಒಂದು ಹನಿ ಮಳೆಯಿಲ್ಲ, ನಾವು ಗಾಜು ಉಜ್ಜುತ್ತಾ ಊರು ದಾಟಿದೆವು. ಒಂದು ವೃತ್ತದಲ್ಲಿ ಪೊಲೀಸಿನವನು ನಮ್ಮ ಗಾಡಿಯನ್ನು ನೋಡಿ, ಆಮೇಲೆ ತಲೆಯೆತ್ತಿ ಆಕಾಶ ನೋಡಿದ.

ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಟಾರು ಮುಗಿಯಿತು. ಆಮೇಲೆ ಇಡೀ ದೇಶ ಜಲ್ಲಿ ರಸ್ತೆ. ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋದರೆ ಅಡ್ಡಡ್ಡಕ್ಕೆ ಸಣ್ಣ ಸಣ್ಣ ಅಲೆ, ಬಟ್ಟೆ ಒಗೆಯುವ ಕಲ್ಲಿಗೆ ಗೀರು ಹೊಡೆದ ಹಾಗೆ. ಗಾಡಿಯೊಳಗೆ ಹಲ್ಲಿಗೆ ಹಲ್ಲು ತಾಗುತ್ತದೆ. ನಾನು ಕಟ್ಟಿಕೊಂಡಿದ್ದ ಚಟ್ನಿಪುಡಿ ಡಬ್ಬದ ಮುಚ್ಚಳ ಅಲುಗಾಟಕ್ಕೆ ತಾನೇ ಬಿಚ್ಚಿಕೊಂಡು ಸವಿತಾಳ ಸೂಟ್‌ಕೇಸೆಲ್ಲ ಖಾರವಾಯಿತು. ಅವಳು ಬಟ್ಟೆ ಬದಲಿಸಿದಾಗಲೆಲ್ಲ ಸೀನಿದಳು. ಸೀನಿದಾಗಲೆಲ್ಲ ನನ್ನನ್ನು ನೋಡಿದಳು.

ಮರಳುಗುಡ್ಡ

ಇದನ್ನು ನೋಡಲೆಂದೇ ಜನ ಸಮುದ್ರ ದಾಟಿ ಬರುತ್ತಾರೆ. ಸೂರ್ಯ ಹುಟ್ಟುವ ಮೊದಲು ಎಬ್ಬಿಸಿ ಕರೆದುಕೊಂಡು ಹೋದರು. ಬೆಟ್ಟದಷ್ಟು ಎತ್ತರದ ಮರಳ ರಾಶಿ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಅಷ್ಟು ಕಷ್ಟಪಟ್ಟು ತುದಿಗೆ ಹೋದವರು ಅಲ್ಲಿ ಏನು ಮಾಡುತ್ತಾರೆ ಎಂದು ಕೆಳಗೆ ಮರದಡಿ ಕೂತು ನೋಡಿದೆ. ಆ ಕಡೆ ಇರುವ ಇನ್ನೊಂದು ಮರಳುಗುಡ್ಡವನ್ನು ನೋಡುತ್ತಾರೆ. ಆಮೇಲೆ ಇಳಿದು ಬಂದು ಶೂ ಕೊಡವುತ್ತಾರೆ.

ನನ್ನ ಪಕ್ಕದಲ್ಲೇ ಸ್ವೀಡನ್ನಿನ ವಯಸ್ಸಾದ ಗಂಡ ಹೆಂಡತಿ ಕುರ್ಚಿ ಹಾಕಿಕೊಂಡರು, ನೆರಳು ಬಿಟ್ಟು ಬಿಸಿಲಿಗೆ. ಮುಖ ಸೂರ್ಯನ ಕಡೆ, ಕಣ್ಣು ಮುಚ್ಚಿ. ವೆಸ್ಟೆರಾಸಿನಲ್ಲಿ ಮಾರ್ಚ್ ತಿಂಗಳು ಬಸ್ ಸ್ಟಾಪಿನಲ್ಲಿ ಗೋಡೆಗೊರಗಿ ಹೀಗೇ ನಿಲ್ಲುತ್ತಾರೆ. ಅಲ್ಲಿ ಸೂರ್ಯ ಅಪರೂಪ, ಒಪ್ಪಿದೆ. ಇಲ್ಲಿ ಅವನು ತಲೆ ಸುಡುತ್ತಿದ್ದ. ಸ್ವಲ್ಪ ಹೊತ್ತಿಗೆ ಫ್ಲಾಸ್ಕ್ ತೆಗೆದು, ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ತಿಂದು, ಒಂದು ಮಾತಿಲ್ಲದೆ ತಮ್ಮ ಫೀಕಾ ಮುಗಿಸಿದರು. ಜಗತ್ತು ಮುಳುಗಿದರೂ ಆ ಜನ ಕಾಫಿ ಹೊತ್ತು ತಪ್ಪಿಸುವುದಿಲ್ಲ. ನನಗೂ ಒಂದು ಬನ್ನು ಕೊಟ್ಟರು. ತಿಂದೆ. ಮರಳು ಸಿಕ್ಕಿತು.

ನಾಲ್ಕು ದಿನ ಇಂಚರ ಒಂದು ತಪ್ಪು ಮಾಡಲಿಲ್ಲ. ನೀರಿನ ಕ್ಯಾನು ಖಾಲಿಯಾಗುವ ಮೊದಲೇ ತುಂಬಿಸಿದಳು. ಮರಳಿಗೆ ಹೋಗುವ ಮುಂಚೆ ಟೈರಿನ ಗಾಳಿ ಇಳಿಸಬೇಕು, ಬಂದಮೇಲೆ ಏರಿಸಬೇಕು ಎಂದು ಅಪ್ಪನಿಗೆ ನೆನಪು ಮಾಡಿದಳು. ಮುಂದಿನ ಸೀಟಿನಲ್ಲಿ ಟ್ಯಾಬು ತೊಡೆಯ ಮೇಲಿಟ್ಟುಕೊಂಡು ಕೂತವಳು ಎಡ, ಬಲ, ನೇರ, ಇಷ್ಟೇ ಹೇಳುತ್ತಿದ್ದಳು. ಗಿರೀಶನ ಮುಖ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಸೋಲುತ್ತಿದ್ದೇನೆ ಎಂದು ಅವನಿಗೂ ಗೊತ್ತಿತ್ತು.

ಬಂಕು

ನಡುವೆ ಸಮುದ್ರದ ದಡದಲ್ಲಿ ಒಂದು ಊರು. ಮರುಭೂಮಿಯ ಪಕ್ಕದಲ್ಲೇ ಮಂಜು ಕವಿದು ಚಳಿ ಹಿಡಿಯಿತು. ಸ್ವೆಟರುಗಳನ್ನೆಲ್ಲ ವೆಸ್ಟೆರಾಸಿನಲ್ಲೇ ಬಿಡಿಸಿದ್ದು ಗಿರೀಶ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅಲ್ಲಿಂದ ಒಳನಾಡಿಗೆ ಹೊರಟೆವು. ಸಂಜೆ ನಾಲ್ಕಕ್ಕೆ ಆನೆ ತೋರಿಸುವವರ ಹತ್ತಿರ ಗಿರೀಶ ಹೆಸರು ಬರೆಸಿದ್ದ. ಸ್ವೀಡನ್ನಿಗೆ ಹೋಗಿ ಇವನು ಕಲಿತ ದೊಡ್ಡ ವಿದ್ಯೆ ಎಂದರೆ ಎಲ್ಲಿಗೇ ಆಗಲಿ ಐದು ನಿಮಿಷ ಮೊದಲು ಹೋಗಿ ಬಾಗಿಲಲ್ಲಿ ನಿಲ್ಲುವುದು. ನಡುದಾರಿಯಲ್ಲಿ ನಾಲ್ಕು ಮನೆಯ ಹಳ್ಳಿ, ಒಂದು ಡೀಸೆಲ್ ಬಂಕು. ಆರು ಗಾಡಿಗಳು ಸಾಲಾಗಿ ನಿಂತಿದ್ದವು. ಕರೆಂಟ್ ಹೋಗಿ ಪಂಪು ನಿಂತಿತ್ತು. ಬಂಕಿನವನು ನೆರಳಿನಲ್ಲಿ ಕುರ್ಚಿ ಹಾಕಿ ಕೂತಿದ್ದ. ಕರೆಂಟು ಯಾವಾಗ ಬರುತ್ತದೆ ಎಂದು ಗಿರೀಶ ಕೇಳಿದ್ದಕ್ಕೆ 'ನೌ ನೌ' ಎಂದನಂತೆ. ಆ ದೇಶದಲ್ಲಿ ಒಂದು ಸಲ 'ನೌ' ಎಂದರೆ ಯಾವಾಗಲೋ ಒಂದು ಹೊತ್ತಿಗೆ. ಎರಡು ಸಲ ಎಂದರೆ ಅದಕ್ಕಿಂತ ಸ್ವಲ್ಪ ಬೇಗ. ಈಗ ಎಂದು ಮಾತ್ರ ಅಲ್ಲ.

ನಮ್ಮ ಗಾಡಿಯಲ್ಲಿ ಕಾಲು ಟ್ಯಾಂಕ್ ಇತ್ತು. ಗಿರೀಶ ವಾಚು ನೋಡಿಕೊಂಡು ಬಿಸಿಲಿನಲ್ಲಿ ಅತ್ತಿಂದಿತ್ತ ತಿರುಗಿದ. ಆಮೇಲೆ ಅಲ್ಲಿಂದಲೇ ಕೂಗಿ, ಮುಂದಿನ ಬಂಕು ಎಷ್ಟು ದೂರ ಎಂದು ಮಗಳನ್ನು ಕೇಳಿದ.

ಅವಳು ಟ್ಯಾಬಿನಲ್ಲಿ ನೋಡಿ, ಗಾಡಿಯೊಳಗೇ ಮೆಲ್ಲಗೆ, "ಹದಿನೆಂಟು ಮೀಲ್" ಎಂದಳು.

ನಾನು ಹಿಂದಿನ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವಳು ಸುಮ್ಮನಿರಬಹುದಿತ್ತು. "ಏನೇ ಅದು ಮೀಲ್? ಮೈಲಿ ಅನ್ನು."

"ಮೈಲಿ?"

"ಹೂಂ. ಮೈಲಿ."

ಕಿಟಕಿಯಿಂದ ತಲೆ ಹೊರಗೆ ಹಾಕಿ ಅಪ್ಪನಿಗೆ ಕೂಗಿ ಹೇಳಿದಳು, "ಅಪ್ಪ, ಹದಿನೆಂಟು ಮೈಲಿ." ಹೊಸ ಕನ್ನಡ ಮಾತು ಸಿಕ್ಕ ಸಂತೋಷ ಅವಳ ದನಿಯಲ್ಲಿತ್ತು.

ನನ್ನ ಯಜಮಾನರು ಲಾರಿ ಓಡಿಸುತ್ತಿದ್ದವರು. ಕಿಲೋಮೀಟರ್ ಕಲ್ಲು ನೆಟ್ಟು ಎಷ್ಟೋ ವರ್ಷವಾದಮೇಲೂ ಅವರ ಬಾಯಲ್ಲಿ ಮೈಲಿಯೇ. ಅವರಿಂದ ನನಗೂ ಮೈಲಿಯೇ. ಅಜ್ಜಿ ಒಂದು ಮೈಲಿ ಎಂದರೆ ಒಂದೂವರೆ ಕಿಲೋಮೀಟರಿಗಿಂತ ತುಸು ಜಾಸ್ತಿ ಎಂದು ಊರಿನಲ್ಲಿ ಬೆಳೆದ ಮಗಳು ಅಳಿಯ ಲೆಕ್ಕ ಹಾಕಿಕೊಳ್ಳುತ್ತಾರೆ. ಗಿರೀಶ ಅವತ್ತೂ ಹಾಗೇ ಹಾಕಿದ. ಮೂವತ್ತು ಕಿಲೋಮೀಟರ್ ತಾನೇ, ಅಲ್ಲೇ ಹಾಕಿಸೋಣ ಎಂದು ಬಂದು ಕೂತ. ಬಂಕು ಕಂಡಲ್ಲಿ ತುಂಬಿಸಬೇಕು, ಮುಂದೆ ಸಿಗುತ್ತದೆ ಎಂದು ನಂಬಬಾರದು, ಇದು ಯಜಮಾನರು ಜೀವಮಾನವೆಲ್ಲ ಹೇಳಿದ ಮಾತು. ನನಗೆ ಆಗ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. "ನಡೀರಿ, ಇಲ್ಲಿ ಕೂತು ಯಾಕೆ ಬೇಯೋದು" ಎಂದೆ.

ಎರಡೆಲೆಯ ಗಿಡ

ಮೂವತ್ತು ಕಿಲೋಮೀಟರಿಗೆ ಡೀಸೆಲ್ ಸಿಗುತ್ತದೆಂಬ ಧೈರ್ಯದಲ್ಲಿ ಗಿರೀಶ ಒಂದು ಅಡ್ಡದಾರಿ ಹಿಡಿದ. ಸಾವಿರ ವರ್ಷ ಬದುಕುವ ಗಿಡ ಇದೆಯಂತೆ, ಅದಕ್ಕೆ ಹುಟ್ಟಿದಾಗಿನಿಂದ ಎರಡೇ ಎಲೆಯಂತೆ. ಹೋಗಿ ನೋಡಿದೆವು. ಎರಡೇ ಎಲೆ ನಿಜ, ಅವೂ ಗಾಳಿಗೆ ಸೀಳಿ ಹರಿದು, ಮದುವೆ ಮುಗಿದ ಮಾರನೆಯ ದಿನದ ಬಾಳೆಎಲೆಯ ಹಾಗೆ ನೆಲದ ಮೇಲೆ ಬಿದ್ದಿದ್ದವು. ಅದಕ್ಕೆ ಸುತ್ತ ಕಲ್ಲಿನ ಬೇಲಿ ಬೇರೆ. ಹೋಗಿ ಬರಲು ಎಂಬತ್ತು ಕಿಲೋಮೀಟರ್.

ಮತ್ತೆ ದೊಡ್ಡ ರಸ್ತೆಗೆ ಬಂದು ಹೊರಟೆವು. ಏಸಿ ಗಾಳಿಗೆ ಇಂಚರ ನಿದ್ದೆ ಹೋದಳು, ಸವಿತಾಳೂ ಹೋದಳು. ಬಂಕು ಬರಲಿಲ್ಲ. ಇನ್ನೇನು ಬರುತ್ತದೆ ಎಂದು ಗಿರೀಶ ಓಡಿಸಿದ. ಮುಳ್ಳು ಕೆಂಪಿಗೆ ಇಳಿದಾಗ ಮಗಳನ್ನು ತಟ್ಟಿ ಎಬ್ಬಿಸಿದ.

"ಇಂಚು, ಎಲ್ಲಮ್ಮ ಬಂಕು?"

ಕಣ್ಣುಜ್ಜಿಕೊಂಡು ಟ್ಯಾಬು ನೋಡಿದಳು. "ಇನ್ನೂ ಹನ್ನೆರಡಿದೆ."

"ಹನ್ನೆರಡು ಕಿಲೋಮೀಟರಾ?"

"ನೆಯ್, ಅಲ್ಲ. ಮೈಲಿ."

"ಹೇಗಿರತ್ತೆ? ಇದ್ದಿದ್ದೇ ಹದಿನೆಂಟು. ಈ ರೋಡಲ್ಲೇ ಅರವತ್ತು ಕಿಲೋಮೀಟರ್ ಬಂದಾಯ್ತಲ್ಲ."

"ಅದೇ ಅಪ್ಪ. ಆರು ಆಯ್ತು. ಹನ್ನೆರಡು ಉಳೀತು."

ಗಿರೀಶ ಗಾಡಿ ನಿಲ್ಲಿಸಿದ. ರಸ್ತೆ ಬದಿಗೂ ತೆಗೆಯಲಿಲ್ಲ, ತೆಗೆಯುವ ಅಗತ್ಯವೂ ಇರಲಿಲ್ಲ. ಟ್ಯಾಬು ಕಿತ್ತುಕೊಂಡು ನೋಡಿದ. ಮುಂದಿನ ಬಂಕಿಗೆ ನೂರ ಇಪ್ಪತ್ತು ಕಿಲೋಮೀಟರ್. ಹಿಂದಿನದಕ್ಕೆ ಅರವತ್ತು. ಎರಡಕ್ಕೂ ಸಾಲುವಷ್ಟು ಡೀಸೆಲ್ ಇರಲಿಲ್ಲ.

ಆಗ ನನಗೆ ತಿಳಿಯಿತು. ಸ್ವೀಡನ್ನಿನಲ್ಲಿ ಹತ್ತು ಕಿಲೋಮೀಟರಿಗೆ ಒಂದು ಮೀಲ್ ಎನ್ನುತ್ತಾರಂತೆ. ಆ ಜನ ದೂರದ ದಾರಿಯನ್ನೆಲ್ಲ ಹಾಗೇ ಹೇಳುವುದಂತೆ. ಆರು ವರ್ಷ ಅಲ್ಲಿದ್ದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಅವಳ ನಾಲಿಗೆ ಹೊರಳಲಿಲ್ಲ ಎಂದುಕೊಂಡೆ. ಅವಳು ಮೀಲನ್ನು ಕನ್ನಡದಲ್ಲಿ ಮೈಲಿ ಎನ್ನುತ್ತಾರೆ ಎಂದುಕೊಂಡಳು. ಗಿರೀಶ ಮೈಲಿಯನ್ನು ಮೈಲಿ ಎಂದೇ ತಿಳಿದುಕೊಂಡ. ಎಲ್ಲರೂ ತಿಳಿದವರೇ.

"ಮೈಲಿ ಅಂತ ಯಾಕಂದೆ?" ಎಂದ ಗಿರೀಶ. ಅವನು ಕೂಗಲಿಲ್ಲ. ಕೂಗಿದ್ದರೆ ವಾಸಿ ಇತ್ತು. "ಮೀಲ್ ಅಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ನನ್ ಹತ್ರ ಯಾವಾಗ್ಲೂ ಮೀಲ್ ಅಂತೀಯ. ಇವತ್ತೇ ಯಾಕೆ ಮೈಲಿ?"

ಇಂಚರ ತಲೆ ಎತ್ತಿದಳು. ಮುಂದಿನ ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. 'ಅಜ್ಜಿ ಹೇಳಿಕೊಟ್ಟಿದ್ದು' ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಸಾರಿ ಅಪ್ಪ" ಎಂದಳು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಲುಲೆಯೊ ಮಾತು ಇಲ್ಲಿಗೆ ಮುಗೀತು" ಎಂದ ಗಿರೀಶ. ಅವಳನ್ನು ನನ್ನ ಪಕ್ಕಕ್ಕೆ ಹಿಂದೆ ಕಳಿಸಿ, ಸವಿತಾಳನ್ನು ಮುಂದೆ ಕೂರಿಸಿ, ಟ್ಯಾಬು ಅವಳ ಕೈಗೆ ಕೊಟ್ಟ. ಏಸಿ ಆರಿಸಿ ಇನ್ನೊಂದಿಷ್ಟು ದೂರ ಓಡಿಸಿದ. ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ರಸ್ತೆಬದಿ

ಎರಡು ಗಂಟೆ ಒಂದು ನರಪಿಳ್ಳೆ ಬರಲಿಲ್ಲ. ಗಾಡಿಯ ನೆರಳು ನಾಲ್ಕು ಜನಕ್ಕೆ ಸಾಲದು. ನಾನು ನೆರಳಿನಲ್ಲಿ ಕೂತೆ, ಇಂಚರ ಬಿಸಿಲಿನಲ್ಲಿ ನಿಂತಳು. ಬಾ ಎಂದರೂ ಬರಲಿಲ್ಲ.

ಕೊನೆಗೆ ದೂರದಲ್ಲಿ ಧೂಳೆದ್ದಿತು. ಹಳದಿ ಬಣ್ಣದ ಭಾರೀ ಯಂತ್ರ, ಹೊಟ್ಟೆಯ ಕೆಳಗೆ ಉದ್ದನೆಯ ಕತ್ತಿ, ಆ ಅಲೆ ಅಲೆ ರಸ್ತೆಯನ್ನು ಹೆರೆದು ಸಮ ಮಾಡುತ್ತಾ ಬಂತು. ಗ್ರೇಡರ್ ಅನ್ನುತ್ತಾರಂತೆ. ಗಿರೀಶ ಕೈ ಬೀಸುತ್ತಾ ಓಡಿಹೋಗಿ, ಡೀಸೆಲ್ ಮುಗಿದಿದೆ, ಡೀಸೆಲ್ ಇದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಯಂತ್ರದವನು ಇಂಜಿನ್ ಆರಿಸಿ, ಇಳಿದು, ಕೈಗವಸು ಬಿಚ್ಚಿ, "ಗುಡ್ ಆಫ್ಟರ್‌ನೂನ್ ಸರ್. ಹೌ ಆರ್ ಯು?" ಎಂದ.

ಗಿರೀಶ ಮತ್ತೆ ಡೀಸೆಲ್ ಎಂದ.

"ಹೌ ಆರ್ ಯು, ಸರ್?"

ಮೂರನೆಯ ಸಲಕ್ಕೆ ಸವಿತಾ ಹಿಂದಿನಿಂದ ಗಂಡನ ಅಂಗಿ ಎಳೆದು, "ಚೆನ್ನಾಗಿದೀನಿ ಅನ್ರೀ ಮೊದ್ಲು" ಎಂದಳು. ಅವನು ಚೆನ್ನಾಗಿದ್ದೇನೆ ಎಂದ, ನೀವು ಹೇಗಿದ್ದೀರಿ ಎಂದು ಕೇಳಿದ. ಆಮೇಲೆ ಆ ಮನುಷ್ಯ ನಮ್ಮೆಲ್ಲರ ಕೈ ಮುಟ್ಟಿದ. ನನ್ನ ಕೈ ಹಿಡಿಯುವಾಗ ತನ್ನ ಎಡಗೈಯನ್ನು ಬಲಮೊಣಕೈಗೆ ಆನಿಸಿಕೊಂಡು ತುಸು ಬಾಗಿದ. ಹಿರಿಯರಿಗೆ ಹಾಗೆ ಮಾಡುವುದಂತೆ. ಹೆಸರು ಯೊಹಾನೆಸ್. ಯಾವ ಊರು, ಪ್ರಯಾಣ ಹೇಗಿತ್ತು, ಅಲ್ಲಿ ಮಳೆ ಹೇಗೆ, ಎಲ್ಲ ಆಯಿತು. ಗಿರೀಶ ಒಂಟಿಕಾಲಲ್ಲಿ ನಿಂತಿದ್ದ. ವೆಸ್ಟೆರಾಸಿನಲ್ಲಿ ಆರು ವರ್ಷ ಒಂದೇ ಲಿಫ್ಟಿನಲ್ಲಿ ಇಳಿದವರೂ ತಮ್ಮ ಶೂ ನೋಡಿಕೊಂಡು ನಿಲ್ಲುತ್ತಾರೆ. ನಮ್ಮೂರಿನಲ್ಲಿ ಬೆಂಕಿ ಬಿದ್ದಿದೆ ಎಂದು ಓಡಿಬಂದವನನ್ನೂ ಊಟ ಆಯಿತೇ ಎಂದು ಕೇಳುವವರಿದ್ದಾರೆ. ಈ ಮನುಷ್ಯ ನಮ್ಮೂರಿನವನು ಎನ್ನಿಸಿತು.

ಎಲ್ಲ ಮುಗಿದ ಮೇಲೆ ಹೇಳಿದ: ಯಂತ್ರದಲ್ಲಿರುವ ಡೀಸೆಲ್ ಸರ್ಕಾರದ್ದು, ಕೊಡುವಂತಿಲ್ಲ. ರೇಡಿಯೋದಲ್ಲಿ ತಿಳಿಸಿದರೆ ಬೆಳಿಗ್ಗೆ ಮೇಸ್ತ್ರಿ ಬರುವಾಗ ತರುತ್ತಾನೆ. ಅಲ್ಲಿಯವರೆಗೆ ನಮ್ಮಲ್ಲಿಗೆ ಬನ್ನಿ. ಸರಪಳಿ ಹಾಕಿ ನಮ್ಮ ಗಾಡಿಯನ್ನು ಯಂತ್ರದ ಹಿಂದೆ ಕಟ್ಟಿದ. ಎಮ್ಮೆಯ ಹಿಂದೆ ಕರುವಿನಂತೆ, ಧೂಳು ಕುಡಿಯುತ್ತಾ ಹೋದೆವು. ಆನೆ ತೋರಿಸುವವರ ನಾಲ್ಕು ಗಂಟೆ ಆ ಧೂಳಿನಲ್ಲೇ ಕಳೆಯಿತು.

ಯೊಹಾನೆಸನ ಬಿಡಾರ

ರಸ್ತೆ ಹೆರೆಯುವವರು ಸಂಸಾರ ಸಮೇತ ರಸ್ತೆ ಪಕ್ಕದಲ್ಲೇ ಇರುತ್ತಾರೆ. ಚಕ್ರದ ಮೇಲಿನ ಒಂದು ತಗಡಿನ ಮನೆ, ನೀರಿನ ಟ್ಯಾಂಕು, ನಾಲ್ಕು ಕೋಳಿ. ಈ ರಸ್ತೆ ಮುಗಿದರೆ ಮನೆಯನ್ನೇ ಎಳೆದುಕೊಂಡು ಮುಂದಿನ ರಸ್ತೆಗೆ. ಹೆಂಡತಿಯ ಹೆಸರು ಸೆಲ್ಮಾ. ಅದೇ ಹೆಸರಿನವಳೊಬ್ಬಳು ವೆಸ್ಟೆರಾಸಿನಲ್ಲಿ ನಮ್ಮ ಎದುರುಮನೆಯಲ್ಲಿದ್ದಾಳೆ, ಆರು ವರ್ಷದಲ್ಲಿ ಒಂದು ಲೋಟ ನೀರು ಕೇಳಿಲ್ಲ, ಕೊಟ್ಟೂ ಇಲ್ಲ. ಈ ಸೆಲ್ಮಾ ನಮ್ಮ ಮುಖ ನೋಡಿ ಒಲೆಗೆ ನೀರಿಟ್ಟಳು.

ಅವಳು ತಿರುವಿದ್ದು ಮುದ್ದೆ. ಸಜ್ಜೆ ಹಿಟ್ಟಿನದು. ಕೋಲಿನಲ್ಲಿ ಗಂಟಿಲ್ಲದೆ ತಿರುವಿ, ತಟ್ಟೆಗೆ ಹಾಕಿ, ಪಕ್ಕದಲ್ಲಿ ಬೇಯಿಸಿದ ಸೊಪ್ಪು ಇಟ್ಟಳು. ಬಲಗೈಯಲ್ಲಿ ಮುರಿದು, ಅದ್ದಿ, ನುಂಗುವುದು. ಐದು ದಿನದಿಂದ ಬ್ರೆಡ್ಡು ಜಗಿದಿದ್ದ ನಾನು ಎರಡು ಸಲ ಹಾಕಿಸಿಕೊಂಡೆ. ಗಿರೀಶ ಸ್ಪೂನ್ ಇದೆಯೇ ಎಂದು ಮೆಲ್ಲಗೆ ಕೇಳಿದ. ನಾನು ನೋಡಿದ ನೋಟಕ್ಕೆ ಕೈಯನ್ನೇ ಮುದ್ದೆಗೆ ಹಾಕಿದ.

ಸೆಲ್ಮಾ ನನ್ನನ್ನು ಏನೇನೋ ಕೇಳಿದಳು. ಎಷ್ಟು ಮಕ್ಕಳು, ಗಂಡ ಏನು ಮಾಡುತ್ತಿದ್ದರು, ಕಾಲಿಗೆ ಏನಾಗಿದೆ. ಎಲ್ಲವನ್ನೂ ಇಂಚರಳೇ ನನಗೆ ಕನ್ನಡದಲ್ಲಿ ಹೇಳಿ, ನನ್ನ ಮಾತನ್ನು ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದಳು. ಅಳುಮುಖವಿಲ್ಲ, ಸಿಡುಕಿಲ್ಲ. ಊಟವಾದಮೇಲೆ ನನ್ನ ಸೀಟಿಗೆ ಕಂಬಳಿ ಹಾಸಿದಳು, ಮಾತ್ರೆ ತೆಗೆದುಕೊಟ್ಟಳು, ನೀರು ಕೊಟ್ಟಳು. ಒಂದು ಮಾತು ಆಡಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. "ಏನಾದ್ರೂ ಅನ್ನೇ" ಎಂದೆ.

"ಏನಿಲ್ಲ ಅಜ್ಜಿ. ನಾನು ಡಬಲ್ ಚೆಕ್ ಮಾಡ್ಬೇಕಿತ್ತು" ಎಂದು ಬಾಗಿಲು ಹಾಕಿ ಹೋದಳು.

ಸುಮ್ಮನಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾಳೆ. ನಾನು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರಾಯಿತು. ಜನ್ಮದಲ್ಲಿ ಒಮ್ಮೆಯೂ ಬಾಯಿ ಮುಚ್ಚಿಕೊಂಡಿರದವಳು ಅವತ್ತು ಅದನ್ನು ಮಾಡಿಬಿಟ್ಟೆ.

ಬೆಳಿಗ್ಗೆ

ಹೇಳಿದ ಹೊತ್ತಿಗೆ ಮೇಸ್ತ್ರಿಯ ಗಾಡಿ ಡೀಸೆಲ್ ತಂದಿತು. ಟ್ಯಾಂಕಿಗೆ ಹುಯ್ದರೂ ಇಂಜಿನ್ ಹೊತ್ತಲಿಲ್ಲ. ಏರ್ ಹಿಡಿದಿದೆ ಎಂದು ನನಗೆ ಶಬ್ದದಲ್ಲೇ ತಿಳಿಯಿತು. ಡೀಸೆಲ್ ಪೂರ್ತಿ ಒಣಗಿದರೆ ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಅದನ್ನು ಕೈಪಂಪು ಒತ್ತಿ ಒತ್ತಿ ತೆಗೆಯಬೇಕು. ಯೊಹಾನೆಸ್ ಬಾನೆಟ್ ಎತ್ತಿ ಗಿರೀಶನಿಗೆ ಜಾಗ ತೋರಿಸಿ, ಗಟ್ಟಿಯಾಗುವವರೆಗೆ ಒತ್ತು ಎಂದು ಹೇಳಿ ತನ್ನ ಕೆಲಸಕ್ಕೆ ಹೋದ. ಸವಿತಾ ಡ್ರೈವರ್ ಸೀಟಿನಲ್ಲಿ ಕೀ ಹಿಡಿದು ಕೂತಿದ್ದಳು. ಇಂಚರ ಸೆಲ್ಮಾಳ ಜೊತೆ ಪಾತ್ರೆ ತೊಳೆಯುತ್ತಿದ್ದಳು. ನಾನು ಹೋಗಿ ಬಾನೆಟ್ಟಿನ ಪಕ್ಕ ನಿಂತೆ.

"ಅವಳು ಮೀಲ್ ಅಂದಳು. ಮೈಲಿ ಅನ್ನು ಅಂತ ತಿದ್ದಿದ್ದು ನಾನು."

ಗಿರೀಶ ಒತ್ತುತ್ತಲೇ ಇದ್ದ. "ನಿನ್ನೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಅವಳು ಹೋಗೋದು ನನಗೂ ಬೇಡವಾಗಿತ್ತು."

"ಇಂಚುಗೆ ಗೊತ್ತಾ, ನಿಮ್ಮಿಂದ ಅಂತ?"

"ಗೊತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನೋಡಿ ಸಾರಿ ಅಂದಳು."

ಆಗ ಅವನ ಕೈ ನಿಂತಿತು. ಕೈಗೆ ಮೆತ್ತಿದ್ದ ಡೀಸೆಲನ್ನು ಪ್ಯಾಂಟಿಗೇ ಒರೆಸಿಕೊಂಡ. ತನ್ನ ಪ್ಯಾಂಟು ಎಂಬುದೂ ಅವನಿಗೆ ಮರೆತಿತ್ತು. "ಅವಳು ಹೋದ್ರೆ ನಿಮಗೇ ಅತ್ತೆ ಕಷ್ಟ" ಎಂದ.

"ಅದು ನನ್ನ ಕಷ್ಟ. ನೀವು ಮಾತು ಕೊಟ್ಟಿದ್ದು ಅವಳಿಗೆ."

ಅವನು ಇನ್ನೂ ಹತ್ತು ಸಲ ಒತ್ತಿದ. ಸವಿತಾಳಿಗೆ ಕೀ ತಿರುಗಿಸಲು ಹೇಳಿದ. ಮೂರನೆಯ ಸಲಕ್ಕೆ ಇಂಜಿನ್ ಹೊತ್ತಿತು. ಬಾನೆಟ್ ಮುಚ್ಚಿ, ನನ್ನ ಕಡೆ ತಿರುಗದೆ, ಮಗಳು ಪಾತ್ರೆ ತೊಳೆಯುತ್ತಿದ್ದ ಕಡೆಗೆ ಹೋದ. ಅವಳಿಗೆ ಏನು ಹೇಳಿದನೋ ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಒದ್ದೆ ಕೈಯಲ್ಲೇ ಅವಳು ಅವನ ಬೆನ್ನಿಗೊಂದು ಗುದ್ದಿದ್ದು ಕಾಣಿಸಿತು.

ನಾನು ಸವಿತಾಳನ್ನು ಹಿಂದಕ್ಕೆ ಎಬ್ಬಿಸಿ, ಅವಳ ಬ್ಯಾಗನ್ನೂ ಹಿಂದಕ್ಕೆ ಹಾಕಿ, ಟ್ಯಾಬನ್ನು ಮುಂದಿನ ಸೀಟಿನಲ್ಲಿಟ್ಟೆ. ಗಾಡಿ ಹೊರಟಿತು. ಮುಂದೆ ಕೂತ ಇಂಚರಳ ಭುಜ ತಟ್ಟಿ, ನೀನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ನಾನೇ ಫೋನ್ ಮಾಡುವುದನ್ನು ಕಲಿಯಬೇಕು, ಈಗಲೇ ಶುರು ಮಾಡು ಎಂದೆ. ಫೋನ್ ಮಾಡಿದರೆ ಮೊದಲು ಕೇಳುವುದು ಪರ್ಸನ್‌ನುಮ್ಮರ್. ಸರ್ಕಾರ ನಮಗೆ ಕೊಟ್ಟಿರುವ ಹತ್ತು ಅಂಕಿ. ಇಷ್ಟು ವರ್ಷ ಅವಳೇ ಹೇಳುತ್ತಿದ್ದಳು. ನನ್ನದರಲ್ಲಿ ಏಳು ಎಂಬ ಅಂಕಿ ಮೂರು ಸಲ ಬರುತ್ತದೆ. ಸ್ವೀಡಿಷಿನಲ್ಲಿ ಏಳಕ್ಕೆ ಏನನ್ನುತ್ತಾರೆಂದು ಕೇಳಿದೆ. ಅವಳು ಹೇಳಿದಳು. ನಾನು 'ಶೂ' ಎಂದೆ.

"ಶೂ ಅಲ್ಲ ಅಜ್ಜಿ."

ಬಿಸಿ ಕಾಫಿ ಆರಿಸುವವರ ಹಾಗೆ ತುಟಿ ಮುಂದೆ ಮಾಡಿ ಊದಬೇಕಂತೆ. ಆ ಹಾಳು ರಸ್ತೆಯ ಗಡಗಡದಲ್ಲಿ ಊದಿದೆ. ಅಲ್ಲ ಎಂದಳು. ಮತ್ತೆ ಊದಿದೆ. ತಿದ್ದಿದಳು. ಮುಂದಿನ ಬಂಕು ಬರುವವರೆಗೂ ಊದಿದೆ, ನೂರ ಆರು ಕಿಲೋಮೀಟರ್.